ಎರಡು ಜೊತೆ ಕೊಂಬು

“ಮೊನಾರ್ಕ್ ಮೇಡಂ ಹೋಗ್ಬುಟ್ರಂತೆ ಕಣ್ರೀ,” ಎಂದು ಹೋದ ತಿಂಗಳು ಫೋನಿನಲ್ಲಿ ಹೇಳಿದ ಗೆಳೆಯನ ದನಿಯಲ್ಲಿ ದುಃಖವಿತ್ತು. ಆ ಹೆಸರನ್ನು ಹೇಳುವಾಗ ನಮ್ಮ ಗುಂಪಿನವರಿಗೆಲ್ಲ ಬರುವ ಸಣ್ಣ ನಗೆಯೂ ಇತ್ತು. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹಕ್ಕಿ, ಚಿಟ್ಟೆ ನೋಡುತ್ತ ನಡೆಯುವ ಗುಂಪು ನಮ್ಮದು. ಅದರಲ್ಲಿ ದೊಡ್ಡ ಕ್ಯಾಮೆರಾ ಇರುವವನು ಇವನು. ಮೇಡಂಗೆ ಆ ಹೆಸರಿಟ್ಟವನೂ ಇವನೇ. “ಅಲ್ಲ, ಆವತ್ತು ನೀವೂ ಅಲ್ಲೇ ಇದ್ರಂತಲ್ಲ. ನಿಜವಾಗ್ಲೂ ಏನು ನೋಡಿದ್ರಿ?” ಎಂದು ಕೇಳಿದ.

ಮೇಡಂ ಬದುಕಿದ್ದಾಗ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದರೋ. ಅವರಿಗೆ ಕೊಡಲಾಗದ ಉತ್ತರವನ್ನು ಇವನಿಗೆ ಎಲ್ಲಿಂದ ತರಲಿ? “ಆಮೇಲೆ ಮಾತಾಡ್ತೀನಿ” ಎಂದು ಫೋನ್ ಇಟ್ಟೆ. ಆಮೇಲೆ ಮಾತಾಡಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ಜಯಲಕ್ಷ್ಮಿಪುರಂನಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಬೆಳಿಗ್ಗೆ ಹೆಬ್ಬಾಳದ ಬಸ್ಸು ಹಿಡಿದು ಕಾರ್ಖಾನೆಯೊಂದರ ಆಫೀಸಿಗೆ ಹೋಗುವುದು, ಸಂಜೆ ಬರುವುದು. ಅವರು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ನಿವೃತ್ತಿ ಕೆಲಸಕ್ಕೆ ಆಗಿತ್ತೇ ಹೊರತು ದನಿಗೆ ಆಗಿರಲಿಲ್ಲ. ಹಾಲಿನವನಿಗೆ, ಕರೆಂಟಿನ ಮೀಟರ್ ನೋಡಲು ಬಂದವನಿಗೆ, ನನಗೆ, ಎಲ್ಲರಿಗೂ ಕೊನೆಯ ಬೆಂಚಿಗೆ ಕೇಳುವಂತೆಯೇ ಮಾತು. ಮಾತಾಡುವಾಗ ಬಲಗೈಯಲ್ಲಿ ಕೋಲಿರಬೇಕು; ಇಲ್ಲವಾದರೆ ಮಡಿಸಿದ ಕೊಡೆ, ಅದೂ ಇಲ್ಲದಿದ್ದರೆ ಸೌಟು. ಗಾಳಿಯಲ್ಲಿ ಚಿತ್ರವೊಂದು ನೇತಾಡುತ್ತಿದೆಯೇನೋ ಎಂಬಂತೆ ಅದರ ತುದಿಯಿಂದ ಮುಟ್ಟಿ ಮುಟ್ಟಿ ತೋರಿಸುತ್ತಿದ್ದರು.

ಒಮ್ಮೆ ನಲ್ಲಿ ಸೋರುತ್ತಿದೆ ಎಂದು ಹೇಳಲು ಕೆಳಗೆ ಹೋದೆ.

“ಎಷ್ಟು ಸೋರುತ್ತೆ?”

“ಸುಮಾರಾಗಿ ಸೋರುತ್ತೆ ಮೇಡಂ.”

“ಸುಮಾರು ಅನ್ನೋದು ಸೋಮಾರಿಗಳ ಅಳತೆ ಕಣೇ. ಕೆಳಗೊಂದು ಲೋಟ ಇಡು. ತುಂಬೋಕೆ ಎಷ್ಟು ಹೊತ್ತಾಗುತ್ತೆ ನೋಡ್ಕೊಂಡು ಬಾ.”

ನೋಡಿಕೊಂಡು ಹೋಗಿ ಹೇಳಿದ ಮೇಲೆಯೇ ಪ್ಲಂಬರನಿಗೆ ಫೋನು ಹೋಯಿತು. ನನಗೆ ಸಿಟ್ಟು ಬಂದಿತ್ತು. ಅವರೊಂದಿಗೆ ಕಳೆದ ವರ್ಷಗಳನ್ನು ನೆನೆದರೆ ಮೊದಲು ನೆನಪಾಗುವುದು ಆ ಸಿಟ್ಟೇ. ಸತ್ತವರ ಬಗ್ಗೆ ಬರೆಯುವಾಗ ಸಿಟ್ಟು ತಾನಾಗಿ ಪ್ರೀತಿಯ ಬಣ್ಣ ಹಚ್ಚಿಕೊಳ್ಳುತ್ತದೆ. ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಅವರ ಹಜಾರದ ಬಾಗಿಲ ಹಿಂದೆ ಒಂದು ಹಳೆಯ ಚಿತ್ರಪಟ ತೂಗುತ್ತಿತ್ತು: ಚಿಟ್ಟೆಯ ಜೀವನಚಕ್ರ. ಮೊಟ್ಟೆ, ಹುಳು, ಕೋಶ, ಚಿಟ್ಟೆ. ಶಾಲೆಗೆ ಹೊಸ ಪಟಗಳು ಬಂದಾಗ ಇದನ್ನು ಸುತ್ತಿಕೊಂಡು ಮನೆಗೆ ತಂದಿದ್ದರು. ಅದರಲ್ಲಿದ್ದದ್ದು ಮೊನಾರ್ಕ್, ಅಮೆರಿಕದ ಚಿಟ್ಟೆ. ಕಿತ್ತಳೆ ಬಣ್ಣದ ರೆಕ್ಕೆ, ಕಪ್ಪು ನರಗಳು. ಪಟ ಬರೆದವರು ಯಾವ ದೇಶದ ಪುಸ್ತಕ ನೋಡಿ ಬರೆದರೋ, ಮೈಸೂರಿನ ಮಕ್ಕಳು ಅದನ್ನೇ ನೋಡಿ ಪರೀಕ್ಷೆಯಲ್ಲಿ ಬಿಡಿಸಿದರು. ನಮ್ಮ ಸೀಮೆಯಲ್ಲಿ ಈ ಚಿಟ್ಟೆ ಇಲ್ಲ ಎಂದು ತಿಳಿದವರೆಲ್ಲ ಹೇಳುತ್ತಾರೆ. ಇಲ್ಲಿರುವುದು ಅದರ ದಾಯಾದಿಗಳು. ಪಟ್ಟೆಹುಲಿ ಎಂಬುದೊಂದು ಥೇಟು ಅದರ ಹಾಗೆಯೇ ಕಾಣುತ್ತದೆ; ಆದರೆ ಅದರ ರೆಕ್ಕೆಯ ತುದಿಯ ಕಪ್ಪಿನಲ್ಲಿ ಬಿಳಿಯ ಪಟ್ಟೆಯಿರುತ್ತದೆ. ಮೊನಾರ್ಕಿಗೆ ಅಲ್ಲಿ ಪಟ್ಟೆಯಿಲ್ಲ, ಬರೀ ಚುಕ್ಕೆಗಳು.

ಎಲ್ಲ ಜಗಳವೂ ಆ ಬಿಳಿ ಪಟ್ಟೆಯದ್ದು.

ಅವರ ಮನೆಯ ಪಕ್ಕದಲ್ಲೊಂದು ಖಾಲಿ ಸೈಟಿತ್ತು. ಯಜಮಾನರು ಯಾರೋ, ಎಲ್ಲಿದ್ದರೋ. ಮಳೆ ಬಿದ್ದರೆ ಆಳೆತ್ತರ ಕಳೆ ಬೆಳೆಯುತ್ತಿತ್ತು, ನಡುವೆ ಒಂದು ದೊಡ್ಡ ಎಕ್ಕದ ಗಿಡ. ಭಾದ್ರಪದದ ಒಂದು ಬೆಳಿಗ್ಗೆ ನಾನು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಕೆಳಗಿನಿಂದ “ಬಾರೇ! ಬೇಗ ಬಾ!” ಎಂಬ ಕೂಗು. ಯಾರೋ ಬಿದ್ದರೆಂದುಕೊಂಡು ಕೈಯಲ್ಲಿದ್ದ ಕ್ಲಿಪ್ಪಿನ ಸಮೇತ ಓಡಿದೆ. ಮೇಡಂ ಸೊಂಟದವರೆಗೆ ಕಳೆಯಲ್ಲಿ ನಿಂತು ಕೊಡೆಯಿಂದ ಎಕ್ಕದ ಹೂ ತೋರಿಸುತ್ತಿದ್ದರು. ಕಿತ್ತಳೆ ಬಣ್ಣದ ದೊಡ್ಡ ಚಿಟ್ಟೆ. ರೆಕ್ಕೆ ಬಿಚ್ಚಿತು, ಮುಚ್ಚಿತು, ಮತ್ತೊಮ್ಮೆ ಬಿಚ್ಚಿ ಕಾಂಪೌಂಡಿನಾಚೆ ಹೋಯಿತು.

“ನೋಡಿದ್ಯಾ?”

“ನೋಡಿದೆ ಮೇಡಂ.”

ನಾನು ಹೇಳಿದ್ದು ಒಂದು ಚಿಟ್ಟೆ ನೋಡಿದೆ ಎಂದು. ಅವರು ಕೇಳಿಸಿಕೊಂಡದ್ದು ಒಂದು ಸಾಕ್ಷಿಯನ್ನು. ಮುಂದಿನ ಭಾನುವಾರ ಕೆರೆಯ ಏರಿಯ ಮೇಲೆ ಅದನ್ನು ಘೋಷಿಸಿದರು. ಕ್ಯಾಮೆರಾದ ಗೆಳೆಯ ನಕ್ಕು, “ಮೇಡಂ, ಅದು ಪಟ್ಟೆಹುಲಿ. ಮೊನಾರ್ಕ್ ಇಲ್ಲಿಗೆ ಬರಬೇಕಾದ್ರೆ ಪಾಸ್‌ಪೋರ್ಟ್ ಬೇಕಾಗುತ್ತೆ,” ಎಂದ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಕೊಡೆಯನ್ನು ನನ್ನತ್ತ ತಿರುಗಿಸಿದರು. “ಬಿಳಿ ಪಟ್ಟೆ ಇರಲಿಲ್ಲ. ಇವಳೂ ನೋಡಿದ್ದಾಳೆ. ಹೇಳೇ.”

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಕಣ್ಣಾರೆ ಕಂಡೆ ಎನ್ನುವವರ ಮಾತನ್ನೇ ಮೊದಲು ಅನುಮಾನಿಸಬೇಕು ಎಂದು ಕಲಿತವಳು. ಕಣ್ಣು ಮುಚ್ಚಿ ನೆನೆದರೆ ಚಿಟ್ಟೆ ಬರುತ್ತಿತ್ತು, ಬಿಳಿ ಪಟ್ಟೆಯಿಲ್ಲದೆಯೇ ಬರುತ್ತಿತ್ತು. ಆದರೆ ಅದು ಎಕ್ಕದ ಹೂವಿನ ಮೇಲೆ ಕೂತ ಚಿಟ್ಟೆಯೋ, ಮೇಡಂ ಮನೆಗೆ ಹೋದಾಗಲೆಲ್ಲ ಬಾಗಿಲ ಹಿಂದೆ ಕಂಡ ಪಟದ ಚಿಟ್ಟೆಯೋ? ನಾನು ದಿನಚರಿ ಬರೆಯುತ್ತೇನೆ. ಆ ದಿನದ ಪುಟ ತೆಗೆದು ನೋಡಿದೆ. “ಮೇಡಂ ಚಿಟ್ಟೆ ತೋರಿಸಿದರು” ಎಂದಷ್ಟೇ ಇದೆ. ಬಟ್ಟೆ ಒಣಗಲಿಲ್ಲವೆಂದು ಮಾತ್ರ ವಿವರವಾಗಿ ಬರೆದುಕೊಂಡಿದ್ದೇನೆ.

“ನೆನಪಿಲ್ಲ ಮೇಡಂ,” ಎಂದೆ. ಮನೆಯವರೆಗೂ ಅವರು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು.

ಇಷ್ಟೇ ಆಗಿದ್ದರೆ ಹಟಮಾರಿ ಹೆಂಗಸೆಂದು ಮರೆಯಬಹುದಿತ್ತು. ಆ ಸಂಜೆ ಅವರೇ ಮಹಡಿ ಹತ್ತಿ ಬಂದು, ಬಾಗಿಲಲ್ಲೇ ನಿಂತು ಹೇಳಿದರು. “ಒಂದು ವರ್ಷ ಒಬ್ಬಳು ಎದ್ದು ನಿಂತು ಕೇಳಿದ್ಲು. ಮಿಸ್, ಈ ಚಿಟ್ಟೆ ನಮ್ಮೂರಲ್ಲಿದೆಯಾ ಅಂತ. ನನಗೆ ಗೊತ್ತಿರಲಿಲ್ಲ. ಇದೆ, ನೋಡೋ ಕಣ್ಣಿರಬೇಕು ಅಂದ್ಬುಟ್ಟೆ. ಆಮೇಲೆ ಪ್ರತಿ ವರ್ಷ ಪ್ರತಿ ಕ್ಲಾಸಿಗೂ ಅದನ್ನೇ ಹೇಳ್ಕೊಂಡು ಬಂದೆ. ಎಷ್ಟು ಮಕ್ಕಳು ಕಣೇ! ಅದು ಇಲ್ಲಿ ಇಲ್ಲ ಅಂದ್ರೆ ಅಷ್ಟೂ ಮಕ್ಕಳಿಗೆ ನಾನು ಸುಳ್ಳು ಹೇಳ್ದಂಗಲ್ವಾ?”

“ಅವರ್ಯಾರಿಗೂ ನೆನಪಿರಲ್ಲ ಮೇಡಂ.”

“ನನಗಿದೆಯಲ್ಲ.”

ಚಿಟ್ಟೆ ಮತ್ತೆ ಬಂದರೂ ಕೂರುವುದು ಕ್ಷಣ. ಹಾಗಾಗಿ ಹುಳುವನ್ನು ಹುಡುಕಬೇಕು ಎಂದು ಅವರ ತೀರ್ಮಾನ. ಎಕ್ಕದ ಮೇಲೆ ಮೊನಾರ್ಕಿನ ಇನ್ನೊಂದು ದಾಯಾದಿ, ನಮ್ಮ ಹುಲಿಚಿಟ್ಟೆಯ ಹುಳುಗಳು ಇದ್ದೇ ಇರುತ್ತವೆ: ಕಪ್ಪು, ಬಿಳಿ, ಹಳದಿ ಪಟ್ಟೆಯ ನುಣುಪು ಮೈ, ಬೆನ್ನಿನ ಮೇಲೆ ಕೊಂಬಿನಂತೆ ನಿಂತ ಕರಿಯ ಎಳೆಗಳು ಮೂರು ಜೊತೆ. ಮೊನಾರ್ಕಿನ ಹುಳುವಿಗೂ ಅದೇ ಪಟ್ಟೆ, ಆದರೆ ಕೊಂಬು ಎರಡೇ ಜೊತೆ. ತಲೆಯ ಕಡೆ ಒಂದು, ಬಾಲದ ಕಡೆ ಒಂದು. ನಡುವೆ ಇರುವುದಿಲ್ಲ. “ಎಣಿಸಿದ್ರೆ ಮುಗೀತು,” ಎಂದರು. “ಎಣಿಕೆಗೆ ಯಾವ ಕ್ಯಾಮೆರಾನೂ ಬೇಡ.”

ಅಲ್ಲಿಂದ ಪ್ರತಿ ಶ್ರಾವಣ ಭಾದ್ರಪದದಲ್ಲಿ, ಆಫೀಸಿನಿಂದ ಬಂದ ಮೇಲೆ, ಚಹಾ ಕುಡಿಯುವ ಮೊದಲು, ನಾನು ಎಕ್ಕದ ಎಲೆಗಳನ್ನು ಮಗುಚಿ ನೋಡಬೇಕಾಯಿತು. ಕೈಗೆ ಅಂಟುವ ಹಾಲು, ಸೊಳ್ಳೆ, ದಾರಿಹೋಕರ ಪ್ರಶ್ನೆ. “ಕಂಬಳಿಹುಳ ಹುಡುಕ್ತಿದ್ದೀರಾ?” ಎಂದು ಯಾರಾದರೂ ಕೇಳಿದರೆ ಮೇಡಂ ಅವರನ್ನು ನಿಲ್ಲಿಸಿ, “ಎಲ್ಲಿದೆಯಪ್ಪ ಅದರ ಮೈಮೇಲೆ ಕಂಬಳಿ? ತೋರ್ಸು,” ಎನ್ನುತ್ತಿದ್ದರು. ಸಿಕ್ಕಿದ ಹುಳುಗಳಿಗೆಲ್ಲ ಮೂರು ಜೊತೆ. ಅದರ ಮೇಲೆ, ಗಿಡ ತುಂಬಿ ಹುಳು ಹತ್ತುವ ಹೊತ್ತಿಗೆ ಸರಿಯಾಗಿ ಯಾರಾದರೂ ಹಾವು ಬರುತ್ತದೆಂದು ನಗರಪಾಲಿಕೆಗೆ ದೂರು ಕೊಡುತ್ತಿದ್ದರು. ಮಚ್ಚು ಹಿಡಿದವರು ಬಂದು ಸೈಟನ್ನು ಬೋಳಿಸಿ ಹೋಗುತ್ತಿದ್ದರು. ಎರಡು ವರ್ಷ ಹೀಗೇ ಆಯಿತು.

ಮೂರನೆಯ ಶ್ರಾವಣದಲ್ಲಿ ಮೇಡಂ ಒಂದು ಉಪಾಯ ಮಾಡಿದರು. ಮಂಡಿ ಮೊಹಲ್ಲಾದಲ್ಲಿ ಅವರ ಅಣ್ಣನ ಸಗಟು ಅಂಗಡಿಯಿಂದ ಅರಿಶಿನ ಕುಂಕುಮದ ಪೊಟ್ಟಣ ತರಿಸಿ, ಎಕ್ಕದ ಬುಡಕ್ಕೊಂದು ಕಲ್ಲು ನಿಲ್ಲಿಸಿ ಹಚ್ಚಿದರು. ಅವರು ಹಣೆಗೆ ವಿಭೂತಿ ಇಡುತ್ತಿದ್ದವರು. ಅವರ ದೇವರು ಕೊರಳಲ್ಲಿ ಕಟ್ಟಿದ ಲಿಂಗ. ಗುಡಿಗೆ ಹೋದದ್ದನ್ನು ನಾನು ಕಂಡಿಲ್ಲ. ಕಲ್ಲಿಗೆ ಕುಂಕುಮ ಇಡುವಾಗ ಮುಖ ಸಿಂಡರಿಸಿಕೊಂಡೇ ಇಟ್ಟರು.

ಮಚ್ಚಿನವರು ಬಂದರು. ಕಿಟಕಿಯ ಹಿಂದೆ ನಾವಿಬ್ಬರೂ ಉಸಿರು ಹಿಡಿದು ನಿಂತಿದ್ದೆವು. “ಏಯ್, ಇಲ್ಲಿ ದೇವ್ರು ಐತೆ ಕಣೋ. ಈ ಗಿಡ ಬುಡು,” ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಸುತ್ತಲಿನದನ್ನೆಲ್ಲ ಸವರಿ, ಎಕ್ಕಕ್ಕೆ ಕೈಮುಗಿದು ಹೋದರು. ಮೇಡಂ ಸೌಟು ಎತ್ತಿದರು. “ನೋಡ್ದ್ಯಾ? ವಿಜ್ಞಾನ ಅಂದ್ರೆ ಇದೇ. ಬದುಕಬೇಕಾದ್ರೆ ಸುತ್ತಮುತ್ತ ನೋಡ್ಕೊಂಡು ಬಣ್ಣ ಹಚ್ಕೋಬೇಕು.”

ಆ ಶನಿವಾರ ಕಲ್ಲಿನ ಮುಂದೆ ಅರ್ಧ ತೆಂಗಿನಕಾಯಿ ಇತ್ತು. ಮುಂದಿನ ಶನಿವಾರ ಎಣ್ಣೆಯ ದೀಪ. ಆಮೇಲೆ ಯಾರೋ ಆಂಜನೇಯನಿಗೆಂದು ಎಲೆ ಕಿತ್ತು ಹಾರ ಕಟ್ಟಿದರು. ಹಿಂದೆ ಅದು ಕಳೆಯ ಗಿಡ, ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ದೇವರ ಗಿಡ. ಮೂರು ಬೀದಿಯವರು ಬರತೊಡಗಿದರು. ಮೇಡಂ ಅಡ್ಡ ನಿಂತರು.

“ಎಲೆ ಕೀಳಬೇಡಿ.”

“ಯಾಕ್ ಮೇಡಂ? ದೇವರ ಗಿಡ ಎಲ್ಲರದ್ದೂ ಅಲ್ವಾ?”

“ಅಯ್ಯೋ, ದೇವರೂ ಇಲ್ಲ ಏನೂ ಇಲ್ಲ. ಆ ಕಲ್ಲು ಇಟ್ಟೋಳು ನಾನೇ ಕಣ್ರೀ!”

ಎದುರು ಮನೆಯಾಕೆ ಅವರ ಕೈ ಹಿಡಿದುಕೊಂಡರು. “ನೀವು ಇಟ್ಟಿದ್ದಲ್ಲ ಮೇಡಂ. ನಿಮ್ಮ ಕೈಲಿ ಅವನು ಇಡಿಸ್ಕೊಂಡಿದ್ದು.”

ಮೇಡಂ ಕೈ ಬಿಡಿಸಿಕೊಂಡು ಒಳಗೆ ಹೋದರು.

ಗೌರಿ ಹಬ್ಬದ ಸಂಜೆ, ಬಸ್ಸಿಳಿದು ಬರುತ್ತಿದ್ದ ನನ್ನನ್ನು ಅವರು ಗೇಟಿನಲ್ಲೇ ಹಿಡಿದರು. ಉಳಿದಿದ್ದ ಎಲೆಗಳಲ್ಲಿ ಒಂದರ ಕೆಳಗೆ ಬಲಿತ ಹುಳುವೊಂದಿತ್ತು. “ಎಣಿಸ್ದೆ. ಎರಡೇ ಜೊತೆ,” ಎಂದರು. ದನಿ ಕೊನೆಯ ಬೆಂಚಿಗಿರಲಿ, ನನಗೂ ಸರಿಯಾಗಿ ಕೇಳುವಂತಿರಲಿಲ್ಲ. “ಮುಂದಿನ ಎಡಗೊಂಬು ಸ್ವಲ್ಪ ಸೊಟ್ಟ ಇದೆ ನೋಡು.” ಕತ್ತಲಾಗುತ್ತಿತ್ತು. ಮೊಬೈಲಿನ ಬೆಳಕು ಹಾಕಿದೆ. ಸೊಟ್ಟ ಕೊಂಬು ಕಂಡಿತು. ಮೈಯ ನಡುಭಾಗ ಎಲೆಯ ಮಡಿಕೆಯೊಳಗಿತ್ತು. ಫೋಟೋ ತೆಗೆದರೆ ಎಲೆಯ ನರಗಳು ಸ್ಪಷ್ಟ, ಹುಳು ಮಸುಕು. ಎಲೆ ಸಮೇತ ಒಳಗೆ ಒಯ್ಯೋಣ ಎಂದೆ.

“ಬೇಡ. ಕೋಶ ಕಟ್ಟೋ ಹೊತ್ತು, ಅಲುಗಾಡಿಸಬಾರದು. ಬೆಳಿಗ್ಗೆ ಬೆಳಕಲ್ಲಿ ನೀನೇ ಎಣಿಸು. ನಾನು ಹೇಳಲ್ಲ, ನೀನು ಹೇಳ್ಬೇಕು.”

ಬೆಳಿಗ್ಗೆ ಗಣೇಶನ ಹಬ್ಬ. ಪೂಜೆಗೆ ಬೇಕಾದ ಪತ್ರೆಗಳಲ್ಲಿ ಎಕ್ಕದ್ದೂ ಒಂದು. ಹೂವಿನ ಹಾರವಂತೂ ಬೇಕೇ ಬೇಕು. ಬೆಳಕು ಹರಿಯುವ ಮುನ್ನವೇ ಜನ ಬಂದು ಹೋಗಿದ್ದರು. ಎಕ್ಕದ ಗಿಡದಲ್ಲಿ ಬರೀ ಕಡ್ಡಿಗಳಿದ್ದವು, ಬುಡದ ಕಲ್ಲಿಗೆ ಹೊಸ ಕುಂಕುಮವಿತ್ತು.

ಆ ದಿನ ನಾವಿಬ್ಬರೂ ಮನೆ ಮನೆಗೆ ಹೋಗಿ ಹುಳು ಕೇಳಿದೆವು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಪಟ್ಟಿಲ್ಲ. ಮಡಿಯುಟ್ಟ ಹೆಂಗಸರು ಒಬ್ಬಟ್ಟು ತಟ್ಟುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಮೇಡಂ ಕೊಡೆಯ ತುದಿಯಲ್ಲಿ ಪತ್ರೆಯ ತಟ್ಟೆ ತೋರಿಸಿ “ಒಂದ್ಸಲ ಎಲೆ ಮಗುಚಿ ನೋಡ್ತೀನಿ,” ಎನ್ನುತ್ತಿದ್ದರು. “ಹಬ್ಬದ ದಿನ ಹುಳ ಕೇಳ್ಕೊಂಡು ಬಂದಿದ್ದೀರಲ್ಲ ಮೇಡಂ!” ಎಂದರು ಒಬ್ಬರು. ಇನ್ನೊಬ್ಬರು, “ಇತ್ತು ಕಣ್ರೀ ಒಂದು. ಥೂ ಅಂತ ಮೋರಿಗೆ ಹಾಕ್ದೆ,” ಎಂದರು. ಮೇಡಂ ಮೋರಿಯ ಕಲ್ಲಿನ ಮೇಲೆ ಕೂತು ಬಗ್ಗಿ ನೋಡಿದರು. ನಾನು ಆಚೆ ಮುಖ ಮಾಡಿ ನಿಂತೆ.

ಉಳಿದದ್ದು ಬೀದಿಯ ಕೊನೆಯ ಶಾಮಿಯಾನ. ಅಲ್ಲಿ ಆಳೆತ್ತರದ ಗಣಪತಿ, ಕೊರಳಲ್ಲಿ ಎಕ್ಕದ ಹೂವು ಎಲೆ ಸೇರಿಸಿ ಕಟ್ಟಿದ ದಪ್ಪ ಹಾರ, ಸಿನಿಮಾ ಹಾಡಿನ ಅಬ್ಬರ. ಮೇಡಂ ಸ್ವಲ್ಪ ಹೊತ್ತು ಹಾರವನ್ನೇ ನೋಡಿ, “ಅಲ್ಲಿದೆ,” ಎಂದರು.

“ಏನ್ ಮೇಡಂ?” ಎಂದ ಸಂಘದವನೊಬ್ಬ.

“ನಿಮ್ಮ ಗಣಪತಿ ಕೊರಳಲ್ಲಿ ಹುಳ ಇದೆ.”

“ಅಯ್ಯಯ್ಯೋ, ತಾಳಿ, ಕೊಡವಿ ಹಾಕ್ತೀನಿ.”

“ಮುಟ್ಟಿದ್ರೆ ಕೈ ಮುರೀತೀನಿ. ಸ್ಟೂಲ್ ತಗೊಂಬಾ. ಆ ಹಾಡು ನಿಲ್ಸು.”

ಆ ದನಿಗೆ ಹಾಡು ನಿಂತಿತು. ಪುರೋಹಿತರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಪಕ್ಕಕ್ಕೆ ಸರಿದರು. ಮೇಡಂ ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದರು. ನಾನು ಕೆಳಗೆ ಸ್ಟೂಲು ಹಿಡಿದುಕೊಂಡೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವರ ಸೆರಗು, ಗಣಪತಿಯ ಹೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಗಣಪತಿಯ ಕೊರಳಿಗೆ ಮುಖ ಹತ್ತಿರ ತಂದರು. ಸುತ್ತ ನಿಂತವರಿಗೆ ಅದು ಗುಟ್ಟು ಹೇಳುವಂತೆ ಕಂಡಿರಬೇಕು, ಇಬ್ಬರು ಕೈಮುಗಿದರು.

ಅಲ್ಲಿ ಏನಿದೆಯೆಂದು ಅವರೊಬ್ಬರಿಗೇ ಗೊತ್ತಿತ್ತು. ಎರಡು ಎಂದಿದ್ದರೆ ಎರಡು.

“ಮೂರು,” ಎಂದರು.

ಇಳಿದು ಚಪ್ಪಲಿ ಹಾಕಿಕೊಂಡರು. ನಾನು ಸಮಾಧಾನಕ್ಕೆ, “ಇದು ಬೇರೆ ಹುಳ ಇರ್ಬೇಕು ಮೇಡಂ. ನಿನ್ನೇದು ಇನ್ನೆಲ್ಲೋ ಹೋಗಿರುತ್ತೆ,” ಎಂದೆ.

“ಇಲ್ಲ ಕಣೇ. ಎಡಗೊಂಬು ಸೊಟ್ಟ ಇದೆ. ಅದೇ ಹುಳ. ನಿನ್ನೆ ನಾನೇ ತಪ್ಪು ಎಣಿಸಿದ್ದೆ.”

ಮನೆಯ ಗೇಟು ತೆಗೆಯುವಾಗ ತಿರುಗಿ, “ಹುಳದ ವಿಷಯ ಬೇರೆ. ಆವತ್ತಿನ ಚಿಟ್ಟೆ ಬೇರೆ. ಅದಕ್ಕೆ ಬಿಳಿ ಪಟ್ಟೆ ಇರಲಿಲ್ಲ,” ಎಂದರು. ನನಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಮೂರು ಎಂದು ಹೇಳಬಲ್ಲ ಮನುಷ್ಯರನ್ನು ನಂಬದೆ ಇರುವುದು ಹೇಗೆ? ನಿನ್ನೆಯಷ್ಟೇ ಎರಡು ಎಂದು ಕಂಡ ಕಣ್ಣನ್ನು ನಂಬುವುದಾದರೂ ಹೇಗೆ?

ಮುಂದೊಂದು ದಿನ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವರು ಮಂಡಿ ಮೊಹಲ್ಲಾದ ಅಣ್ಣನ ಮನೆಗೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ಕೆಳಗೆ ಲಾರಿಯಿಂದ ಮೂಟೆ ಇಳಿಸುವ ಸದ್ದು, ಕೋಣೆಯ ತುಂಬ ಒಣಮೆಣಸಿನಕಾಯಿಯ ಘಾಟು. ಮಂಚದ ಎದುರಿಗೆ ಅದೇ ಪಟ ತೂಗುಹಾಕಿಸಿದ್ದರು. ಕೈಯಲ್ಲಿ ಊರುಗೋಲು, ಅದರಿಂದ ನನಗೆ ಕುರ್ಚಿ ತೋರಿಸಿದರು.

“ಈಗ ಹೇಳು. ಪಟ್ಟೆ ಇತ್ತಾ?”

ಇತ್ತು ಎಂದೋ ಇಲ್ಲ ಎಂದೋ ಹೇಳಿದ್ದರೆ ಮುಗಿದುಹೋಗುತ್ತಿತ್ತು. ‘ಇಲ್ಲ’ ನಾಲಗೆಯ ತುದಿಯವರೆಗೂ ಬಂದಿತ್ತು. ಎದುರಿಗೆ ಆ ಪಟ ನೇತಾಡುತ್ತಿರುವಾಗ ಅದು ನೆನಪೆಂದು ಹೇಗೆ ಹೇಳಲಿ?

“ಗೊತ್ತಿಲ್ಲ ಮೇಡಂ.”

“ಗೊತ್ತಿಲ್ಲ ಅನ್ನೋದೂ ಒಂದು ಉತ್ತರಾನೇ. ಅರ್ಧ ಮಾರ್ಕು.” ಊರುಗೋಲನ್ನು ಮಂಚಕ್ಕೆ ಒರಗಿಸಿ, “ನನ್ನ ಖುಷಿಗೆ ಅಂತ ಇರಲಿಲ್ಲ ಅಂದಿದ್ರೆ ಸೊನ್ನೆ ಹಾಕ್ತಿದ್ದೆ,” ಎಂದರು. ಆ ಅರ್ಧ ಮಾರ್ಕನ್ನು ಕ್ಲಾಸಿನಲ್ಲಿ ಆ ಹುಡುಗಿ ಎದ್ದು ಕೇಳಿದ ದಿನ ತಾವೇ ತೆಗೆದುಕೊಳ್ಳಬಹುದಿತ್ತು ಎಂದು ಅವರಿಗೂ ಹೊಳೆದಿತ್ತೋ ಏನೋ. ಪಟದ ಕಡೆಗೇ ನೋಡುತ್ತಿದ್ದರು. ಅದೇ ಕೊನೆಯ ಭೇಟಿ.

ಸೈಟಿನಲ್ಲಿ ಈಗ ಮನೆ ಎದ್ದಿದೆ. ನಾನೂ ಎರಡು ಬೀದಿ ಆಚೆ ಬಂದಿದ್ದೇನೆ. ನಿನ್ನೆ ಗೌರಿ ಹಬ್ಬ. ಸಂಜೆ ಬಸ್ಸಿಳಿದವಳು ಯಾಕೋ ಹಳೆಯ ದಾರಿ ಹಿಡಿದೆ. ಹೊಸ ಕಾಂಪೌಂಡಿನ ಹೊರಗೆ, ಚರಂಡಿಯ ಕಲ್ಲಿನ ಸಂದಿಯಲ್ಲಿ, ಮೊಣಕಾಲೆತ್ತರದ ಎಕ್ಕವೊಂದು ಚಿಗುರಿತ್ತು. ಯಾರೋ ಆಗಲೇ ಅದರ ಬುಡಕ್ಕೆ ಕುಂಕುಮ ಹಚ್ಚಿದ್ದರು. ಬ್ಯಾಗು ಕೆಳಗಿಟ್ಟು ಕೂತು ಎಲೆಗಳನ್ನು ಒಂದೊಂದಾಗಿ ಮಗುಚತೊಡಗಿದೆ.

ಬುಟ್ಟಿ ಹಿಡಿದು ಬಂದ ಹೆಂಗಸೊಬ್ಬರು ಪಕ್ಕದಲ್ಲಿ ನಿಂತರು. ನಾನು ಅರಿಯದವರು. “ಏನಮ್ಮಾ ಹುಡುಕ್ತಾ ಇದ್ದೀರಾ? ಪತ್ರೆಗಾ?”

“ಅಲ್ಲ. ನಮ್ಮ ಮೇಡಂ ಇಲ್ಲಿ ಒಂದು ಚಿಟ್ಟೆ ನೋಡಿದ್ರು. ಅದರ ಹುಳ ಇದೆಯಾ ಅಂತ.”

“ಎಂಗಿರ್ತದೆ?”

“ಪಟ್ಟೆ ಪಟ್ಟೆ. ಕೊಂಬು ಎರಡೇ ಜೊತೆ ಇರ್ಬೇಕು.”

ಅವರೂ ಬುಟ್ಟಿ ಇಟ್ಟು ಕೂತರು. ಇಬ್ಬರೂ ಬುಡದಿಂದ ಕುಡಿಯವರೆಗೆ ನೋಡಿದೆವು. ಹುಳು ಇರಲಿಲ್ಲ. ಅಂಚು ಕಚ್ಚಿದ, ನಡುವೆ ತೂತಾದ ಎಲೆಗಳನ್ನು ಬಿಟ್ಟು, ನೆಟ್ಟಗಿದ್ದ ನಾಲ್ಕೆಲೆ ಮಾತ್ರ ಕಿತ್ತು ಅವರು ಬುಟ್ಟಿಗೆ ಹಾಕಿಕೊಂಡರು.

“ಹುಳ ಇಲ್ಲ ಕಣಮ್ಮ,” ಎಂದರು ಏಳುತ್ತ. “ತಿಂದಿರೋದಂತೂ ನಿಜ.”